ಬಾಕ್ಸಿಲ್ಲದ ಆಂಟಿವೈರಸ್ ಕೀ ಕೊಳ್ಳುವ ಮುಂಚೆ ಇದನ್ನೊಮ್ಮೆ ಓದಿ

ಆನ್‌ಲೈನ್ ಸೆಂಟರ್, ಡಿಟಿಪಿ ಅಂಗಡಿ, ಟ್ಯಾಕ್ಸ್ ಆಫೀಸು ಇಟ್ಟುಕೊಂಡವರಿಗೆ ವಾಟ್ಸಾಪ್‌ನಲ್ಲಿ ಈ ಥರದ ಮೆಸೇಜ್ ಬಂದೇ ಇರುತ್ತದೆ: ‘ಆಂಟಿವೈರಸ್ ಓಇಎಂ ಕೀ, ಒಂದು ವರ್ಷ, 100% ಒರಿಜಿನಲ್, ಎಂಆರ್‌ಪಿಯ ಕಾಲು ಭಾಗಕ್ಕೆ.’ ಬೆಂಗಳೂರಿನ ಎಸ್‌ಪಿ ರೋಡ್ ಕಡೆಯ ಡೀಲರ್ ಒಬ್ಬನಿಂದ ಅಂಥ ನಾಲ್ಕು ಕೀ ತರಿಸಿದ್ದೆ. ವರ್ಷ ತುಂಬುವುದರೊಳಗೆ ನಾಲ್ಕೂ ನೆಗೆದುಬಿದ್ದವು. ಹೋದ ದುಡ್ಡು ದೊಡ್ಡದೇನಲ್ಲ. ಆಮೇಲೆ ನಡೆದದ್ದಿದೆಯಲ್ಲ, ಅದು ಬೇರೆಯವರಿಗೂ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ಅಂಗಡಿಯ ಹೆಸರಾಗಲಿ, ಆಂಟಿವೈರಸ್ಸಿನ ಹೆಸರಾಗಲಿ ಹಾಕುವುದಿಲ್ಲ. ಈ ವ್ಯಾಪಾರ ಮಾಡುವವರು ಬೇಕಾದಷ್ಟು ಜನ ಇದ್ದಾರೆ, ಒಬ್ಬನ ಹೆಸರು ಹೇಳಿದರೆ ಉಳಿದವರು ಸಾಚಾ ಅಂದಂತಾಗುತ್ತದೆ.

ಓಇಎಂ ಕೀ ಅನ್ನುವುದು ನಕಲಿ ಮಾಲಲ್ಲ. ಕಂಪ್ಯೂಟರ್ ಜೋಡಿಸಿ ಮಾರುವವರಿಗೆ ಸಾಫ್ಟ್‌ವೇರ್ ಕಂಪನಿಗಳು ಕಡಿಮೆ ದರದಲ್ಲಿ ಸಗಟಾಗಿ ಲೈಸೆನ್ಸ್ ಕೊಡುತ್ತವೆ. ಹಾಗೆ ಕೊಡುವಾಗ ಷರತ್ತೂ ಇರುತ್ತದೆ. ಹೊಸ ಮಷೀನಿನ ಜೊತೆಗೇ ಮಾರಬೇಕು, ಬಿಡಿಯಾಗಿ ಮಾರಬಾರದು, ಗಿರಾಕಿಗೆ ತೊಂದರೆಯಾದರೆ ಮೊದಲು ಜೋಡಿಸಿಕೊಟ್ಟವರೇ ನೋಡಿಕೊಳ್ಳಬೇಕು. ಬಾಕ್ಸ್ ಇಲ್ಲ, ಪುಸ್ತಕ ಇಲ್ಲ, ಕಾಲ್ ಸೆಂಟರಿನ ಹೊರೆ ಇಲ್ಲ, ಅದಕ್ಕೇ ಅಗ್ಗ. ಡೀಲರ್ ಈ ಷರತ್ತನ್ನೆಲ್ಲ ಕಿತ್ತುಹಾಕಿ ಬರೀ ಕೀ ನಂಬರನ್ನು ನಮಗೆ ಮಾರುತ್ತಾನೆ. ನಾವು ರಿಯಾಯಿತಿ ಸಿಕ್ಕಿತು ಅಂದುಕೊಳ್ಳುತ್ತೇವೆ. ಆದರೆ ಹೆಚ್ಚುಕಮ್ಮಿಯಾದಾಗ ಉತ್ತರ ಹೇಳಬೇಕಾದವರು ಯಾರು? ಕಂಪನಿ ಜೋಡಿಸಿದವನತ್ತ ಕೈ ತೋರಿಸುತ್ತದೆ. ಜೋಡಿಸಿದವನು ಅಂತ ನಮಗೆ ಯಾರೂ ಇರುವುದೇ ಇಲ್ಲ.

ನಮ್ಮದು ತಿಪಟೂರಿನಲ್ಲಿ ಸಣ್ಣ ಸೆಂಟರು. ಪಹಣಿ, ಜಾತಿ-ಆದಾಯದ ಅರ್ಜಿ, ಪ್ಯಾನ್ ಕಾರ್ಡು, ಕಾಲೇಜು ಹುಡುಗರ ಪ್ರಾಜೆಕ್ಟ್ ಪ್ರಿಂಟು ಇವೇ ಕೆಲಸ. ದಿನವಿಡೀ ಕಂಡಕಂಡವರ ಪೆನ್‌ಡ್ರೈವ್ ಚುಚ್ಚಬೇಕು. ಫೋಲ್ಡರುಗಳೆಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಕಾಣುವ ಆ ಹಳೇ ವೈರಸ್ ಇವತ್ತಿಗೂ ಬರುತ್ತದೆ. ಜೊತೆಗೆ ಗಿರಾಕಿಗಳ ಆಧಾರ್ ಸ್ಕ್ಯಾನು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ನಮ್ಮ ಮಷೀನಿನಲ್ಲೇ ಕೂತಿರುತ್ತವೆ. ಹಾಗಾಗಿ ನಮಗೆ ಆಂಟಿವೈರಸ್ ಶೋಕಿಯಲ್ಲ.

ಡೀಲರ್ ಗೊತ್ತಿಲ್ಲದವನೇನಲ್ಲ, ಹಿಂದೆ ನಮಗೆ ರ‍್ಯಾಮು, ಎಸ್‌ಎಸ್‌ಡಿ ಕೊಟ್ಟವನೇ. ‘ಒರಿಜಿನಲ್ಲೇ ಮೇಡಂ, ಬಾಕ್ಸ್ ಬರಲ್ಲ ಅಷ್ಟೇ. ದೊಡ್ಡದೊಡ್ಡ ಆಫೀಸಿಗೆಲ್ಲ ಇದನ್ನೇ ಹಾಕ್ತಿದೀವಿ’ ಅಂದ. ಎರಡು ಕೀ ಕೊರಿಯರಿನಲ್ಲಿ ಬಂದವು, ತೆಳ್ಳನೆಯ ಕಾಗದದ ಕವರಿನೊಳಗೆ ಸಿಡಿ. ಕವರಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ನಾಟ್ ಫಾರ್ ರೀಸೇಲ್’ ಅಂತಿತ್ತು. ಕೀ ಮೇಲಿನ ಬೆಳ್ಳಿ ಪಟ್ಟಿಯನ್ನು ಯಾರೋ ಆಗಲೇ ಕೆರೆದಿದ್ದರು. ಕೇಳಿದ್ದಕ್ಕೆ ‘ನಾವೇ ಚೆಕ್ ಮಾಡಿ ಕಳಿಸಿದೀವಿ’ ಅನ್ನುವ ಉತ್ತರ. ಇನ್ನೆರಡು ಕೀಗಳನ್ನು ವಾಟ್ಸಾಪಿನಲ್ಲೇ ಟೈಪ್ ಮಾಡಿ ಕಳಿಸಿದ. ಹಾಕಿದ ಕೂಡಲೇ ನಾಲ್ಕೂ ಹಸಿರು ಗುರುತು ತೋರಿಸಿದವು.

ಆ ಹಸಿರು ಗುರುತನ್ನು ನಂಬಬೇಡಿ. ಕೀ ಆ ಹೊತ್ತಿಗೆ ಸ್ವೀಕಾರವಾಯಿತು ಅಂತ ಮಾತ್ರ ಅದರರ್ಥ, ಕೀ ಯಾರದ್ದು ಅನ್ನುವುದನ್ನು ಅದು ಹೇಳುವುದಿಲ್ಲ.

ನಾಲ್ಕೂ ಒಂದೇ ರೀತಿ ಕೆಡಲಿಲ್ಲ. ಕವರಿನಲ್ಲಿ ಬಂದಿದ್ದರಲ್ಲಿ ಒಂದು, ವರ್ಷದ ಕೀ ಅಂದಿದ್ದು, ಕೆಲವೇ ತಿಂಗಳಿಗೆ ‘ಅವಧಿ ಮುಗಿದಿದೆ’ ಅಂದಿತು. ಲೈಸೆನ್ಸಿನ ಲೆಕ್ಕ ಶುರುವಾಗುವುದು ಮೊದಲ ಸಲ ಆಕ್ಟಿವೇಟ್ ಆದ ದಿನದಿಂದ. ಪಟ್ಟಿ ಕೆರೆದವರು ನಮಗಿಂತ ಮುಂಚೆಯೇ ಅದನ್ನು ಬೇರೆಲ್ಲೋ ಓಡಿಸಿದ್ದರು. ಇನ್ನೊಂದು ‘ಈ ಕೀ ಬ್ಲಾಕ್ ಆಗಿದೆ’ ಅಂತ ನೆಟ್ಟಗೆ ಹೇಳಿ ನಿಂತುಹೋಯಿತು. ವಾಟ್ಸಾಪಿನಲ್ಲಿ ಬಂದ ಎರಡರದು ಇನ್ನೂ ಸ್ವಾರಸ್ಯ. ಅವು ಎರಡು ಕೀಗಳೇ ಅಲ್ಲ, ಹತ್ತು ಮಷೀನಿಗೆ ಹಾಕಬಹುದಾದ ಒಂದೇ ಪ್ಯಾಕಿನ ಎರಡು ಸೀಟು. ಹತ್ತು ಜನಕ್ಕೆ ಬಿಡಿಬಿಡಿಯಾಗಿ ಮಾರಿದ್ದಾರೆ, ಖಾತೆ ಮಾತ್ರ ಮಾರಿದವನ ಇಮೇಲ್‌ನಲ್ಲೇ ಇದೆ. ಇಂಥ ಖಾತೆ ಇಟ್ಟುಕೊಂಡವನಿಗೆ ಅದರಲ್ಲಿ ಸೇರಿದ ಮಷೀನುಗಳ ಹೆಸರೆಲ್ಲ ಕಾಣುತ್ತವೆ, ಬೇಡವಾದದ್ದನ್ನು ಒಂದು ಕ್ಲಿಕ್ಕಿನಲ್ಲಿ ತೆಗೆದುಹಾಕಬಹುದು. ನಮ್ಮ ಸೀಟು ಖಾಲಿ ಮಾಡಿಸಿ ಅದನ್ನೇ ಇನ್ನೊಬ್ಬರಿಗೆ ಕೊಟ್ಟ ಅಂತ ನನ್ನ ಅನುಮಾನ. ನನ್ನ ಮಷೀನಿನ ಹೆಸರು ಯಾರೋ ಅಪರಿಚಿತನ ಪರದೆ ಮೇಲಿತ್ತು ಅನ್ನುವುದೇ ನನಗೆ ದುಡ್ಡಿಗಿಂತ ಹೆಚ್ಚು ಕಸಿವಿಸಿ ಮಾಡಿತು.

ಕಂಪನಿಯ ಸಪೋರ್ಟಿಗೆ ಫೋನ್ ಮಾಡಿದೆ. ಆ ಹುಡುಗ ತಾಳ್ಮೆಯಿಂದಲೇ ಮಾತಾಡಿದ. ಕೀ ಜೊತೆ ಬಂದ ಕಂಪ್ಯೂಟರಿನ ಬಿಲ್ ಇದೆಯಾ ಅಂದ. ಕಂಪ್ಯೂಟರೇ ಬಂದಿಲ್ಲ ಅಂದೆ. ‘ಹಾಗಾದರೆ ಇದು ನಿಮ್ಮ ಹೆಸರಿನ ಲೈಸೆನ್ಸ್ ಅಲ್ಲ ಮ್ಯಾಮ್, ಮಾರಿದವರನ್ನೇ ಕೇಳಬೇಕು’ ಅಂದ. ಸಿಟ್ಟು ಬಂತು ನಿಜ, ಆದರೆ ನ್ಯಾಯವಾಗಿ ನೋಡಿದರೆ ಅವನು ಹೇಳಿದ್ದು ಸರಿ.

ಡೀಲರ್ ಮೊದಮೊದಲು ‘ಬೇರೆ ಕೀ ಹಾಕಿಕೊಡ್ತೀನಿ’ ಅಂತ ಸಮಾಧಾನ ಮಾಡಿದ. ಕಳಿಸಿದ ಹೊಸ ಕೀ ಈ ಪ್ರದೇಶದಲ್ಲಿ ನಡೆಯುವುದಿಲ್ಲ ಅಂತ ಬಂತು. ಕ್ಯಾಸ್ಪರ್‌ಸ್ಕಿಯಂಥ ಕಂಪನಿಗಳು ಯಾವ ಪ್ರದೇಶಕ್ಕೆಂದು ಮಾರಿದ ಕೀಯೋ ಅಲ್ಲಿಯೇ ಆಕ್ಟಿವೇಟ್ ಆಗಬೇಕು ಅನ್ನುವ ನಿಯಮ ಇಟ್ಟಿವೆ. ಬೇರೆ ದೇಶದಲ್ಲಿ ಅಗ್ಗಕ್ಕೆ ಸಿಕ್ಕಿದ್ದನ್ನು ತಂದು ಇಲ್ಲಿ ಮಾರುವವರು ವಿಪಿಎನ್ (ನಾವು ಬೇರೆ ದೇಶದಲ್ಲಿ ಕೂತು ನೆಟ್ ಬಳಸುತ್ತಿರುವಂತೆ ತೋರಿಸುವ ಸಾಫ್ಟ್‌ವೇರ್) ಹಾಕಿ ಆಕ್ಟಿವೇಟ್ ಮಾಡಿ ಅನ್ನುತ್ತಾರೆ. ನನಗೂ ಅದನ್ನೇ ಹೇಳಿದ. ಒಪ್ಪದಿದ್ದಾಗ ‘ಎನಿಡೆಸ್ಕ್ ಕೊಡಿ ಮೇಡಂ, ಎರಡು ನಿಮಿಷ, ನಮ್ಮ ಹುಡುಗ ಮಾಡಿಕೊಡ್ತಾನೆ’ ಅಂದ. ಎನಿಡೆಸ್ಕ್ ಅಂದರೆ ದೂರದಲ್ಲಿ ಕೂತವರು ನೆಟ್ ಮೂಲಕ ನಮ್ಮ ಕಂಪ್ಯೂಟರನ್ನು ಓಡಿಸಲು ಬಿಡುವ ಸಾಫ್ಟ್‌ವೇರ್.

ಗಿರಾಕಿಗಳ ಫೈಲಿಲ್ಲದ ಒಂದು ಮಷೀನಿತ್ತು, ಅದನ್ನು ಕೊಟ್ಟು ಕಣ್ಣು ತೆಗೆಯದೆ ನೋಡುತ್ತಾ ಕೂತೆ. ಹುಡುಗ ಮೊದಲು ಮಾಡಿದ ಕೆಲಸ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರಿನ ರಿಯಲ್‌ಟೈಮ್ ರಕ್ಷಣೆ ಆಫ್ ಮಾಡಿದ್ದು. ಆಮೇಲೆ ಎಕ್ಸ್‌ಕ್ಲೂಷನ್ ಪಟ್ಟಿಗೆ ಒಂದು ಫೋಲ್ಡರ್ ಸೇರಿಸಿದ, ಅಂದರೆ ಈ ಫೋಲ್ಡರಿನೊಳಗೆ ಏನಿದ್ದರೂ ನೋಡಬೇಡ ಅಂತ ಕಾವಲಿನವನಿಗೆ ಹೇಳಿದ ಹಾಗೆ. ಮೂರನೆಯದಾಗಿ ಅದೇ ಫೋಲ್ಡರಿಗೆ ‘ಆಕ್ಟಿವೇಟರ್’ ಅನ್ನುವ ಜಿಪ್ ಫೈಲ್ ಇಳಿಸಲು ಶುರುಮಾಡಿದ. ನಾನು ನೆಟ್ ಕೇಬಲ್ ಕಿತ್ತೆ. ವೈರಸ್ ತಡೆಯಲಿ ಅಂತ ಕೊಂಡ ಸಾಫ್ಟ್‌ವೇರ್ ಓಡಿಸಲು ಇರುವ ಕಾವಲನ್ನೂ ತೆಗೆದು ಗೊತ್ತಿಲ್ಲದ ಫೈಲ್ ಒಳಗೆ ಬಿಡಬೇಕಂತೆ! ಆ ಮಷೀನನ್ನು ಆಮೇಲೆ ಪೂರ್ತಿ ಫಾರ್ಮ್ಯಾಟ್ ಹೊಡೆಸಿದೆ. ಎನಿಡೆಸ್ಕ್ ಮೂಲಕ ಯುಪಿಐ ಖಾತೆಗಳಿಂದ ಹಣ ಲಪಟಾಯಿಸುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಎನಿಡೆಸ್ಕ್ ಕೆಟ್ಟ ಸಾಫ್ಟ್‌ವೇರ್ ಅಂತಲ್ಲ, ಯಾರ ಕೈಗೆ ಕೊಡುತ್ತೀರಿ ಅನ್ನುವುದು ಮುಖ್ಯ. ಹೀಗೆ ಕೊಟ್ಟಾಗ ಖಾತೆಯಿಂದ ಹಣವೇನಾದರೂ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ದುಡ್ಡು ವಾಪಸ್ ಕೇಳಿದ ಮೇಲೆ ಡೀಲರ್ ಫೋನ್ ಎತ್ತುವುದನ್ನೇ ನಿಲ್ಲಿಸಿದ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವ ಮುಂಚೆ ಬಿಲ್ ತೆಗೆದು ನೋಡಿದರೆ ಅದು ಬಿಲ್ಲೇ ಅಲ್ಲ. ಮೇಲೆ ‘ಎಸ್ಟಿಮೇಟ್’ ಅಂತಿದೆ, ಜಿಎಸ್‌ಟಿ ನಂಬರಿಲ್ಲ, ಕೀ ನಂಬರಿಲ್ಲ, ವಸ್ತುವಿನ ಜಾಗದಲ್ಲಿ ‘ಸಾಫ್ಟ್‌ವೇರ್ ಸರ್ವಿಸ್’ ಅಂತ ಒಂದು ಸಾಲು. ಸಾಫ್ಟ್‌ವೇರಿಗೆ 18% ಜಿಎಸ್‌ಟಿ ಇದೆ, ಅಗ್ಗದ ದರದ ಒಂದು ಪಾಲು ಇಲ್ಲೇ ಹುಟ್ಟುತ್ತದೆ ಅಂತ ಆಮೇಲೆ ಹೊಳೆಯಿತು. ಯುಪಿಐ ರಸೀದಿ ಮತ್ತು ವಾಟ್ಸಾಪ್ ಮಾತುಕತೆ ಇಟ್ಟುಕೊಂಡು ದೂರು ದಾಖಲಿಸಿದ್ದೇನೆ. ದುಡ್ಡು ಇನ್ನೂ ಬಂದಿಲ್ಲ.

ನಮ್ಮಂಥ ಅಂಗಡಿಯವರಿಗೆ ಒಂದು ಮಾತು. ‘ನೀವು ವ್ಯಾಪಾರಕ್ಕೆ ಕೊಂಡಿದ್ದು, ಗ್ರಾಹಕರಾಗಲ್ಲ’ ಅಂತ ಡೀಲರ್ ಹೆದರಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡು ಬಳಸುವ ವಸ್ತು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ದೂರು ಕೊಡಲು ಎರಡು ವರ್ಷ ಸಮಯವಿದೆ.

ಓಇಎಂ ಲೈಸೆನ್ಸ್ ಸರಿಯಾಗಿ ಸಿಗುವ ದಾರಿಯೂ ಇದೆ. ಹೊಸ ಕಂಪ್ಯೂಟರ್ ಜೋಡಿಸಿಕೊಳ್ಳುವಾಗ ಅದರ ಬಿಲ್ಲಿನಲ್ಲೇ ಆಂಟಿವೈರಸ್ ಹೆಸರು ಬರೆಸಿಕೊಳ್ಳಿ, ಕೀಯನ್ನು ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿಗೆ ನಿಮ್ಮ ಕಣ್ಣೆದುರೇ ನೋಂದಾಯಿಸಿ. ಬಿಡಿಯಾಗಿ ಬೇಕಿದ್ದರೆ ಕಂಪನಿಯ ಸ್ವಂತ ವೆಬ್‌ಸೈಟ್ ಅಥವಾ ಊರಿನ ಅಧಿಕೃತ ಡೀಲರ್ ಸಾಕು. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಥರದ ನಮ್ಮ ದೇಶದ ಕಂಪನಿಗಳೂ ಇವೆ. ಅದಕ್ಕೂ ದುಡ್ಡಿಲ್ಲವೆಂದರೆ ವಿಂಡೋಸ್ 10, 11ರ ಜೊತೆಗೇ ಬರುವ ಡಿಫೆಂಡರ್ ಇದೆ. ಬೇರೆ ಆಂಟಿವೈರಸ್ ಕೂತ ಕೂಡಲೇ ಅದು ಪಕ್ಕಕ್ಕೆ ಸರಿದುಬಿಡುತ್ತದೆ. ಹಾಗಾಗಿ ಆಯಸ್ಸು ಮುಗಿದ ಅಗ್ಗದ ಸಾಫ್ಟ್‌ವೇರನ್ನು ಸುಮ್ಮನೆ ಕೂರಿಸಿಕೊಂಡಿರುವುದಕ್ಕಿಂತ ಕಿತ್ತುಹಾಕಿ ಡಿಫೆಂಡರನ್ನೇ ಓಡಿಸುವುದು ಮೇಲು. ನಾವೀಗ ಮಾಡಿರುವುದು ಅದನ್ನೇ. ‘ಪುಕ್ಕಟೆ ಆಂಟಿವೈರಸ್’ ಅಂತ ಸಿಗುವ ಆವೃತ್ತಿಗಳನ್ನು ಅಂಗಡಿಗೆ ಹಾಕುವ ಮುಂಚೆ ಷರತ್ತು ಓದಿ, ಎಷ್ಟೋ ಬರೀ ಮನೆ ಬಳಕೆಗೆ ಕೊಟ್ಟಿರುವಂಥವು.

ಈಗಾಗಲೇ ಇಂಥ ಕೀ ಹಾಕಿಸಿಕೊಂಡಿದ್ದೀರಾ? ಸಾಫ್ಟ್‌ವೇರಿನ ‘ಮೈ ಅಕೌಂಟ್’ ಪುಟ ತೆರೆದು ಯಾರ ಇಮೇಲ್ ಇದೆ, ಮುಗಿಯುವ ತಾರೀಕು ಯಾವುದು ನೋಡಿ. ಇಮೇಲ್ ನಿಮ್ಮದಲ್ಲದಿದ್ದರೆ ಸಾಫ್ಟ್‌ವೇರ್ ಇವತ್ತೇ ತೆಗೆಯಿರಿ. ಆಮೇಲೆ ವಿಂಡೋಸ್ ಸೆಕ್ಯೂರಿಟಿಯೊಳಗೆ ಹೋಗಿ ‘ಎಕ್ಸ್‌ಕ್ಲೂಷನ್ಸ್’ ಪಟ್ಟಿ ತೆರೆಯಿರಿ. ನೀವು ಸೇರಿಸದ ಹೆಸರು ಅಲ್ಲಿದ್ದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಅಳಿಸಿ, ಪೂರ್ತಿ ಸ್ಕ್ಯಾನ್ ಓಡಿಸಿ. ಎನಿಡೆಸ್ಕ್ ಉಳಿದಿದ್ದರೆ ಅದನ್ನೂ ತೆಗೆಯಿರಿ. ಬ್ಯಾಂಕ್, ಇಮೇಲ್ ಪಾಸ್‌ವರ್ಡುಗಳನ್ನು ಬದಲಿಸುವುದಾದರೆ ಆ ಮಷೀನಿನಲ್ಲಿ ಕೂತು ಬದಲಿಸಬೇಡಿ, ಬೇರೆ ಫೋನಿನಿಂದ ಮಾಡಿ.