ಜಗಳಕ್ಕೊಂದು ಪ್ರಶ್ನಾವಳಿ: ಐದಕ್ಕೆ ಮೂರೂವರೆ

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಫ್ಲೋರ್ ಇನ್‌ಚಾರ್ಜ್. ಹೋದ ತಿಂಗಳು ನಮ್ಮ ಸೂಪರ್‌ವೈಸರ್‌ಗಳಿಗೆ ಒಂದು ದಿನದ ತರಬೇತಿ ಇತ್ತು. ಅಲ್ಲಿ ಕೊಟ್ಟಿದ್ದು ಥಾಮಸ್ ಮತ್ತು ಕಿಲ್‌ಮನ್ ಅನ್ನುವ ಇಬ್ಬರು ಸಂಶೋಧಕರು 1974ರಲ್ಲಿ ತಂದ ಪ್ರಶ್ನಾವಳಿ. 30 ಜೋಡಿ ಹೇಳಿಕೆ, ಪ್ರತಿ ಜೋಡಿಯಲ್ಲಿ ಒಂದನ್ನು ಆರಿಸಬೇಕು. ಕಾಲು ಗಂಟೆ ಸಾಕು. ಜಗಳ ಬಂದಾಗ ನೀವು ಹಟ ಹಿಡಿಯುತ್ತೀರಾ, ಬಿಟ್ಟುಕೊಡುತ್ತೀರಾ, ಅರ್ಧಕ್ಕರ್ಧ ಒಪ್ಪುತ್ತೀರಾ, ಕೂತು ಬಗೆಹರಿಸುತ್ತೀರಾ, ಇಲ್ಲಾ ಜಾರಿಕೊಳ್ಳುತ್ತೀರಾ ಅಂತ ಗೊತ್ತಾಗುತ್ತದೆ.

ನನಗೆ ಜಾರಿಕೊಳ್ಳುವುದೇ ಜಾಸ್ತಿ ಬಂತು. ಹೆಂಡತಿ ಕೇಳಿ ನಕ್ಕಳು, ಅವಳಿಗೆ ಪರೀಕ್ಷೆ ಬೇಕಿರಲಿಲ್ಲ!

ಅದೇ ವಾರ ಆಲ್ಟರ್ ಪೀಸ್ (ತಪ್ಪಾಗಿ, ಮತ್ತೆ ಸರಿಮಾಡಬೇಕಾದ ಬಟ್ಟೆ) ವಿಷಯಕ್ಕೆ ಕಾಲರ್ ಲೈನ್‌ನವರಿಗೂ ಫಿನಿಶಿಂಗ್‌ನವರಿಗೂ ಜೋರು ಮಾತಾಯಿತು. ಮೊದಲಾದರೆ 'ನಾಳೆ ನೋಡೋಣ' ಅನ್ನುತ್ತಿದ್ದೆ. ಈ ಸಲ ಎರಡೂ ಕಡೆಯವರನ್ನು ಮೇಜಿನ ಹತ್ತಿರ ಕರೆದು, ಪೀಸ್ ಮುಂದಿಟ್ಟುಕೊಂಡು ಮಾತಾಡಿಸಿದೆ. ನೋಡಿದರೆ ಕಟಿಂಗ್‌ನಲ್ಲೇ ಅಳತೆ ತಪ್ಪಿತ್ತು.

ಕೊರತೆ ಅಂದರೆ, ನಮಗೆ ಕೊಟ್ಟಿದ್ದು ಇಂಗ್ಲಿಷ್ ಪ್ರತಿ. ಟ್ರೈನರ್ ಸುಮ್ನೆ ಓದಿಕೊಂಡು ಹೋದರು. ಅರ್ಧ ಜನ ಪಕ್ಕದವರದ್ದು ನೋಡಿ ಗುರುತು ಹಾಕಿದರು. ಹಾಗಾದರೆ ಬಂದ ಉತ್ತರ ಯಾರದ್ದು, ಅಲ್ವಾ? ಕನ್ನಡದಲ್ಲಿ ಬಿಡಿಸಿ ಹೇಳುವವರು ಸಿಕ್ಕರೆ ಮಾತ್ರ ಈ ತರಬೇತಿಗೆ ದುಡ್ಡು ಕೊಡಿ.