ಟಿರೋಲ್ ಬೆಟ್ಟಗಳಿಗೆ ಬಾಡಿಗೆ ಬೈಕಲ್ಲಿ ಹೊರಟಿದ್ದೀರಾ? ಮೊದಲು ಆರ್‌ಸಿಯಲ್ಲಿ ಯು.1 ನೋಡಿ

ಮ್ಯೂನಿಕ್ ಸುತ್ತಮುತ್ತ ಇರುವ ನಮ್ಮವರು ಬಿಸಿಲು ಬಿದ್ದ ಕೂಡಲೇ ಬೈಕ್ ಬಾಡಿಗೆಗೆ ಹಿಡಿದು ಆಸ್ಟ್ರಿಯಾ ಕಡೆ ಹೊರಟುಬಿಡುತ್ತಾರೆ. ಹೋಗಿ, ಬೇಡ ಅನ್ನಲ್ಲ. ಆದರೆ ಟಿರೋಲ್‌ನ ರಾಯ್ಟೆ ಜಿಲ್ಲೆಗೆ ಹೋಗುವುದಾದರೆ, ಬೈಕ್ ಹತ್ತುವ ಮುಂಚೆ ಅದರ ಆರ್‌ಸಿಯಲ್ಲಿ ಯು.1 ಅನ್ನುವ ಕಡೆ ಸದ್ದಿನ ಅಂಕಿ ಎಷ್ಟಿದೆ ನೋಡಿ. 95ಕ್ಕಿಂತ ಜಾಸ್ತಿ ಇದ್ದರೆ ಬೇರೆ ಬೈಕ್ ಕೇಳಿ. ನನಗೆ ಈ ವಿಷಯ ತಿಳಿಸಿದ್ದು ಪೊಲೀಸರು, 220 ಯೂರೋ ರಸೀದಿಯ ಜೊತೆಗೆ.

ಶನಿವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ನಾನೂ ಗೆಳೆಯನೂ ಮಾಡಿಕೊಂಡ ಪ್ಲಾನ್ ಇದು. ಗಾರ್ಮಿಷ್ ದಾಟಿ, ತ್ಸುಗ್‌ಷ್ಪಿಟ್ಸೆ ಶಿಖರದ ಬುಡದ ಏರ್ವಾಲ್ಡ್, ಲೆರ್ಮೋಸ್ ಊರುಗಳ ಮೇಲೆ ಬೆರ್ವಾಂಗ್‌ಗೆ ಹತ್ತುವುದು. ನಾಮ್ಲೋಸ್ ಮೂಲಕ ಲೆಖ್ ಕಣಿವೆಗೆ ಇಳಿಯುವುದು. ಎಲ್ಮೆನ್‌ನಿಂದ 1894 ಮೀಟರ್ ಎತ್ತರದ ಹಾನ್‌ಟೆನ್‌ಯೋಖ್ ಘಾಟಿ ಹತ್ತಿ ಇಮ್ಸ್ಟ್‌ಗೆ ಇಳಿದು, ಫರ್ನ್‌ಪಾಸ್ ಮೇಲೆ ವಾಪಸ್.

ನಾಮ್ಲೋಸ್ ತನಕ ಸ್ವರ್ಗ, ಸುಳ್ಳು ಹೇಳಲ್ಲ. ಮರದ ಮನೆಗಳು, ಬಾಲ್ಕನಿ ತುಂಬಾ ಕೆಂಪು ಹೂ, ಎಲ್ಲೆಲ್ಲೂ ಹಸುಗಳ ಗಂಟೆ ಸದ್ದು. ತಿರುವುಗಳಲ್ಲಿ ಸಗಣಿ ಮತ್ತು ಸಣ್ಣ ಜಲ್ಲಿ ಬಿದ್ದಿರುತ್ತದೆ, ಅದಕ್ಕೂ ಹುಷಾರಾಗಿರಿ. ಕೆಳಗೆ ಷ್ಟಾನ್ತ್ಸಾಖ್ ಊರಿನ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರು. ಲೈಸೆನ್ಸ್ ಮೇಲೆ ಸುಮ್ನೆ ಕಣ್ಣಾಡಿಸಿ, ಆರ್‌ಸಿ ತೆಗೆದುಕೊಂಡು ನೇರವಾಗಿ ಯು.1 ಮೇಲೆ ಬೆರಳಿಟ್ಟರು. 98 ಅಂತಿತ್ತು.

ಆ ಅಂಕಿ ಬೈಕ್ ನಿಂತಲ್ಲೇ ಮಾಡುವ ಸದ್ದಿನದು. ಇಂಜಿನ್ ರೈಸ್ ಮಾಡಿ, ಸೈಲೆನ್ಸರ್‌ನಿಂದ ಅರ್ಧ ಮೀಟರ್ ದೂರದಲ್ಲಿ ಅಳೆದು ಆರ್‌ಸಿಯಲ್ಲಿ ಬರೆದಿರುತ್ತಾರೆ. ಅದು 95 ಡೆಸಿಬೆಲ್ ಮೀರಿದ್ದರೆ ಇಲ್ಲಿನ ಕೆಲವು ರಸ್ತೆಗಳಿಗೆ ಬೈಕ್ ತರುವಂತಿಲ್ಲ. 2020ರ ಜೂನ್‌ನಲ್ಲಿ ಶುರುವಾದ ನಿಯಮ. ಬೈಕ್ ಸೀಸನ್ನಿನಲ್ಲಿ, ಅಕ್ಟೋಬರ್ 31ರವರೆಗೆ ಜಾರಿಯಲ್ಲಿರುತ್ತದೆ. ಬೆರ್ವಾಂಗ್–ನಾಮ್ಲೋಸ್ ರಸ್ತೆ, ಲೆಖ್ ಕಣಿವೆಯ ರಸ್ತೆ, ಟಾನ್‌ಹೈಮ್ ಕಣಿವೆಯ ರಸ್ತೆ, ಹಾನ್‌ಟೆನ್‌ಯೋಖ್, ಎಲ್ಲವೂ ಪಟ್ಟಿಯಲ್ಲಿವೆ. ಅಂದರೆ ನಮ್ಮ ಪ್ಲಾನಿನ ಮುಖ್ಯ ಭಾಗ.

ಸೈಲೆನ್ಸರ್ ಮುಟ್ಟೇ ಇಲ್ಲ, ಕಂಪನಿಯದ್ದೇ ಅಂತ ವಾದಿಸಿದೆ. ನಮ್ಮೂರಲ್ಲಿ ಪೊಲೀಸರು ಹಿಡಿದು ರೋಡ್ ರೋಲರ್ ಹತ್ತಿಸುವುದು ಬದಲಾಯಿಸಿದ ಸೈಲೆನ್ಸರ್‌ಗಳನ್ನು, ಅಲ್ವಾ? ಇಲ್ಲಿ ಆ ಲೆಕ್ಕ ನಡೆಯಲ್ಲ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಎಷ್ಟೋ ಬೈಕ್‌ಗಳು 95 ದಾಟುತ್ತವೆ. ನೀವು ಎಷ್ಟೇ ಮೆಲ್ಲಗೆ ಓಡಿಸಿ, ಅವರು ನೋಡುವುದು ಕಾಗದದ ಮೇಲಿನ ಅಂಕಿ. ಇದು ಸ್ವಲ್ಪ ವಿಚಿತ್ರ ಅಂತ ಈಗಲೂ ಅನ್ನಿಸುತ್ತದೆ. 94ರ ಬೈಕಲ್ಲಿ ಕಿರುಚಾಡಿಸಿಕೊಂಡು ಹೋದವನಿಗೆ ಈ ದಂಡ ಇಲ್ಲ! ಆದರೂ ಊರಿನವರ ಮೇಲೆ ಸಿಟ್ಟಿಲ್ಲ. ಇಕ್ಕಟ್ಟಾದ ಕಣಿವೆ, ಎರಡೂ ಕಡೆ ಬಂಡೆ. ಪ್ರತಿ ಶನಿವಾರ, ಭಾನುವಾರ ಸಾಲುಸಾಲಾಗಿ ಬೈಕ್ ಬಂದರೆ ಅವರಾದರೂ ಎಷ್ಟು ಸಹಿಸಿಕೊಳ್ಳಬೇಕು.

ದಂಡ ಕಟ್ಟಿದ ಮೇಲೂ ಮುಂದೆ ಹೋಗುವ ಹಾಗಿಲ್ಲ. ಘಾಟಿ ಮರೆತುಬಿಡಿ, ಹತ್ತಿರದ ದಾರಿಯಲ್ಲಿ ರಾಯ್ಟೆಗೆ ಹೋಗಿ ಅಂದರು. ಗೆಳೆಯನ ಬೈಕ್ 91, ಅವನು ಆರಾಮಾಗಿ ಹೋಗಬಹುದಿತ್ತು. ಪಾಪ, ನನ್ನ ಜೊತೆ ತಿರುಗಿದ. ರಾಯ್ಟೆ ಸೇರುವಷ್ಟರಲ್ಲಿ ಮೂರು ಗಂಟೆ. ಈ ಕಡೆ ಎಷ್ಟೋ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಎರಡಕ್ಕೆ ಅಡುಗೆಮನೆ ಮುಚ್ಚಿದರೆ ಮತ್ತೆ ಸಂಜೆಯೇ ತೆರೆಯುವುದು. ಕೇಕ್ ತಿಂದು ಹೊಟ್ಟೆ ತುಂಬಿಸಿಕೊಂಡೆವು.

ನನ್ನ ಸಿಟ್ಟೆಲ್ಲ ಬಾಡಿಗೆ ಅಂಗಡಿಯ ಮೇಲೆ. ಕೀ ಕೊಡುವಾಗ ಎಲ್ಲಿಗೆ ಅಂತ ಕೇಳಿದರು, ಹಾನ್‌ಟೆನ್‌ಯೋಖ್ ಅಂದೆ. ಅವರ ಕೌಂಟರ್ ಹಿಂದೆಯೇ ಆ ಘಾಟಿಯ ದೊಡ್ಡ ಫೋಟೋ ಇದೆ. "ಸೂಪರ್ ರಸ್ತೆ" ಅಂತ ನಕ್ಕರು. ಸಂಜೆ ಹೋಗಿ ಕೇಳಿದರೆ, ಸಂಚಾರ ನಿಯಮ ತಿಳಿದುಕೊಳ್ಳುವುದು ಬಾಡಿಗೆದಾರರ ಜವಾಬ್ದಾರಿ ಅಂತ ಕರಾರಿನಲ್ಲಿ ಇದೆಯಲ್ಲ ಅಂದರು. ಸಾಲದ್ದಕ್ಕೆ ಬೈಕಿನ ಲಗೇಜ್ ಪೆಟ್ಟಿಗೆಯ ಮೇಲಿದ್ದ ಹಳೇ ಗೀರಿಗೆ ಡೆಪಾಸಿಟ್‌ನಲ್ಲಿ ಒಂದಿಷ್ಟು ಮುರಿದುಕೊಂಡರು. ಬೆಳಗ್ಗೆ ತೆಗೆದ ಫೋಟೋ ನಮ್ಮ ಹತ್ತಿರ ಇರಲಿಲ್ಲ. ನೀವು ಮಾತ್ರ ಬೈಕ್ ಸುತ್ತ ಒಂದು ವಿಡಿಯೋ ಮಾಡಿಕೊಂಡೇ ಹೊರಡಿ.

ಬುಕ್ ಮಾಡುವಾಗಲೇ ಯು.1 ಎಷ್ಟು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಪಕ್ಕದಲ್ಲೇ ಯು.3 ಅಂತ ಇನ್ನೊಂದು ಅಂಕಿ ಇರುತ್ತದೆ, 77ರ ಆಸುಪಾಸು. ಅದು ಓಡುವಾಗಿನ ಸದ್ದು. ಅದನ್ನು ತೋರಿಸಿ "ಕಮ್ಮಿನೇ ಇದೆ" ಅಂದರೆ ಒಪ್ಪಬೇಡಿ. ರಸ್ತೆಯಲ್ಲಿ ಕೆಂಪು ವೃತ್ತದೊಳಗೆ ಬೈಕ್ ಚಿತ್ರ, ಕೆಳಗೆ 95 ಡಿಬಿ ಅಂತ ಕಂಡರೆ ಅಲ್ಲೇ ತಿರುಗಿಸಿ.

ಆಸ್ಟ್ರಿಯಾ ಸಹವಾಸವೇ ಬೇಡ, ಜರ್ಮನಿಯಲ್ಲೇ ಇದ್ದುಬಿಡೋಣ ಅಂತ ಕೆಸೆಲ್‌ಬರ್ಗ್ ಘಾಟಿ ಕಡೆ ಹೊರಡುವವರಿಗೂ ಒಂದು ಮಾತು. ಕೋಖೆಲ್ ಊರಿನ ಕಡೆಯಿಂದ ಮೇಲೆ ಹತ್ತುವ ಆ ರಸ್ತೆ ಶನಿವಾರ, ಭಾನುವಾರ ಮತ್ತು ರಜಾದಿನ ಬೈಕ್‌ಗಳಿಗೆ ಬಂದ್. ಅಲ್ಲಿ ಡೆಸಿಬೆಲ್ ಎಷ್ಟಿದ್ದರೂ ಬಿಡಲ್ಲ.