ಆಗುಂಬೆ ದಾರಿಯ ಹೋಮ್‌ಸ್ಟೇ: ಮೊದಲ ಕಡುಬು ನನ್ನ ಗೆಳತಿಗೆ

ಜುಲೈನಲ್ಲಿ ಎರಡು ರಾತ್ರಿ ಇದ್ದೆವು. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ, ಅಡಿಕೆ ತೋಟದ ನಡುವೆ ಹಂಚಿನ ಮನೆ. ಜೊತೆಗಿದ್ದವಳು ಸಿಂಗಪುರದಲ್ಲಿ ಮೂರು ವರ್ಷ ನನ್ನ ರೂಮ್‌ಮೇಟ್ ಆಗಿದ್ದವಳು. ಚೀನಾದ ಹುನಾನ್ ಕಡೆಯ ಹಳ್ಳಿಯವಳು.

ರೂಮು ಚೊಕ್ಕಟ. ಹಂಡೆಯ ಬಿಸಿನೀರು ಎಷ್ಟು ಬೇಕಾದರೂ ಸಿಗುತ್ತದೆ. ನೆಟ್‌ವರ್ಕ್ ಇಲ್ಲ, ಉಂಬಳ (ರಕ್ತ ಹೀರುವ ಜಿಗಣೆ) ಜಾಸ್ತಿ. ಹೊದಿಕೆ ಥಂಡಿ ಹಿಡಿದಿತ್ತು, ಹೇಳಿದ ಕೂಡಲೇ ಬದಲಾಯಿಸಿದರು.

ಊಟದ ವಿಷಯ ಹೇಳಲೇಬೇಕು. ರಾತ್ರಿ ಕಳಲೆ, ಅಂದರೆ ಬಿದಿರಿನ ಮೊಳಕೆಯ ಪಲ್ಯ ಮಾಡಿದ್ದರು. ಮೂರು ದಿನ ನೀರಲ್ಲಿ ನೆನೆಸಿ, ದಿನವೂ ನೀರು ಚೆಲ್ಲಿ, ಕಹಿ ತೆಗೆದ ಎಳೆ ಕಳಲೆ. ಒಂದು ತುತ್ತು ಬಾಯಿಗಿಟ್ಟು ಗೆಳತಿ ಸುಮ್ನೆ ಕೂತುಬಿಟ್ಟಳು. ಅವರ ಊರಲ್ಲೂ ಕಳಲೆ ತಿನ್ನುತ್ತಾರೆ. ಆದರೆ ಅವಳ ಬಟ್ಟಲಿಗೆ ಬೀಳುತ್ತಿದ್ದದ್ದು ಬುಡದ ನಾರು ತುಂಡು. ಎಳೆ ತುದಿ ತಮ್ಮನಿಗೆ.

ನಾಲ್ಕು ಹೆಣ್ಣುಮಕ್ಕಳಲ್ಲಿ ಇವಳು ಮೂರನೆಯವಳು. ಕೊನೆಗೆ ಒಬ್ಬ ತಮ್ಮ. ಆಗ ಚೀನಾದಲ್ಲಿ ಎಷ್ಟು ಮಕ್ಕಳಿರಬೇಕು ಅನ್ನುವುದಕ್ಕೂ ಕಾನೂನಿತ್ತು. 1980ರ ದಶಕದ ನಡುವಿನಿಂದ ಎಷ್ಟೋ ಪ್ರಾಂತ್ಯಗಳ ಹಳ್ಳಿಗಳಲ್ಲಿ ಮೊದಲ ಮಗು ಹೆಣ್ಣಾದರೆ ಇನ್ನೊಂದಕ್ಕೆ ಒಪ್ಪಿಗೆ, ಅದಕ್ಕಿಂತ ಜಾಸ್ತಿಯಾದರೆ ದಂಡ. ದಂಡ ಕಟ್ಟುವ ತನಕ ಇವಳ ಹೆಸರು ಹುಕೌ ಪುಸ್ತಕಕ್ಕೆ ಏರಲಿಲ್ಲ. ನಮ್ಮ ರೇಷನ್ ಕಾರ್ಡಿನ ಹಾಗೆ, ಅದಕ್ಕಿಂತ ಮುಖ್ಯವಾದ ಮನೆ ದಾಖಲೆ ಅದು. ಅಧಿಕಾರಿಗಳು ಬರುತ್ತಾರೆ ಅಂದರೆ ಸೋದರತ್ತೆಯ ಮನೆಗೆ ಅಟ್ಟುತ್ತಿದ್ದರಂತೆ. ಅಲ್ಲಿ ಎಷ್ಟೋ ಹುಡುಗಿಯರಿಗೆ ಇಟ್ಟ ಹೆಸರೇ ಇವಳಿಗೂ. ಝಾವೊದಿ. ‘ತಮ್ಮನನ್ನು ಕರೆ’ ಅಂತ ಅರ್ಥ. ಕರೆಯುವವಳಿಗೆ ಅಂತ ಬೇರೆ ಹೆಸರೇ ಇಲ್ಲ ನೋಡಿ.

ಮನೆಯಮ್ಮ ಹೆಸರಿನ ಅರ್ಥ ಕೇಳಿದರು. ಹೇಳಿದೆ. ಅವರು ಸೌಟು ಕೆಳಗಿಟ್ಟರು. “ನಮ್ಮ ಚಿಕ್ಕಮ್ಮನ ಹೆಸರು ಸಾಕಮ್ಮ. ಹೆಣ್ಣು ಸಾಕು ಅಂತ ಇಟ್ಟಿದ್ದು” ಅಂದರು. ಮತ್ತೇನೂ ಮಾತಾಡಲಿಲ್ಲ.

ಬೆಳಗ್ಗೆ ತಿಂಡಿಗೆ ಹನ್ನೊಂದು ಜನ ಸಾಲಾಗಿ ಕೂತಿದ್ದೆವು. ನಮ್ಮದು ಬಾಗಿಲ ಹತ್ತಿರ ಕೊನೆ ಜಾಗ. ಅವರು ಹಬೆಯಾಡುವ ಉಂಡೆ ಕಡುಬು ತಂದು, ಸಾಲು ದಾಟಿ, ನೇರ ಇವಳ ಹತ್ತಿರ ಬಂದರು. ಮೊದಲ ಕಡುಬು ಹಾಕಿದರು. ಬೆರಳಿನಿಂದ ನಡುವೆ ಗುಳಿ ಮಾಡಿ ತುಪ್ಪ ಸುರಿದರು. “ಚಟ್ನಿಯೋ, ಸಾರೋ? ನಿಂಗೇನಿಷ್ಟ?” ಅಂತ ಕನ್ನಡದಲ್ಲೇ ಕೇಳಿದರು. ನಾನು ಅನುವಾದ ಮಾಡುವ ಮೊದಲೇ ಇವಳು ಎರಡನ್ನೂ ತೋರಿಸಿದಳು. ಎರಡೂ ಬಂತು.

ಮಳೆಗಾಲದಲ್ಲಿ ಹೋಗುವವರು ಉಪ್ಪು, ಉದ್ದ ಸಾಕ್ಸ್ ಇಟ್ಟುಕೊಳ್ಳಿ. ಕಳಲೆ ಬೇಕಿದ್ದರೆ ಮೂರು ದಿನ ಮುಂಚೆಯೇ ಫೋನ್ ಮಾಡಿ ಹೇಳಿ.